ಅರ್ಧಣ್ಣನ ಎದೆಯ ಮೇಲೆ ಹನ್ನೊಂದು ನಿಮಿಷ

"ಇಲ್ಲಿ ಮಂಡಿಯೂರಿ," ಅಂದರು ಇನ್ಸ್‌ಪೆಕ್ಟರಮ್ಮ.

ಅಳಿಯ ಮಂಡಿಯೂರಲಿಲ್ಲ. ತರಬೇತಿ ಕೋಣೆಯ ನೀಲಿ ಚಾಪೆಯ ಮೇಲೆ ಮಲಗಿದ್ದ ಬೊಂಬೆಯನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ.

ಬೊಂಬೆಗೆ ತಲೆಯಿತ್ತು, ಎದೆಯಿತ್ತು, ಹೊಟ್ಟೆ ಅರ್ಧಕ್ಕೇ ಮುಗಿದುಹೋಗಿತ್ತು. ಕೈಕಾಲಿನ ಸುದ್ದಿಯೇ ಇಲ್ಲ. ಆಂಬುಲೆನ್ಸ್ ಕೇಂದ್ರದವರೆಲ್ಲ ಅದನ್ನು ಅರ್ಧಣ್ಣ ಅಂತ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಎಷ್ಟು ಜನರ ಕೈಯಲ್ಲಿ ಎದೆ ಒತ್ತಿಸಿಕೊಂಡಿದ್ದನೋ ಪಾಪ, ಅವನ ಎದೆಯ ರಬ್ಬರು ಸವೆದು ಹೊಳೆಯುತ್ತಿತ್ತು.

"ನಮ್ಮತ್ತೆ ಐಸಿಯುನಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಾರೆ. ನೀವು ನನ್ನ ಕೈಲಿ ಬೊಂಬೆ ಆಟ ಆಡಿಸ್ತಿದೀರಲ್ಲ ಮೇಡಂ?"

"ಆಟ ಅಂತಲೇ ಅಂದ್ಕೊಳ್ಳಿ. ನಾಲ್ಕು ದಿನದ ಹಿಂದೆ ಹನ್ನೊಂದು ನಿಮಿಷ ಎದೆ ಒತ್ತಿದೆ ಅಂದ್ರಲ್ಲ, ಅದನ್ನ ಇನ್ನೊಂದು ಸಲ ಮಾಡಿ ತೋರಿಸಿ. ಅಷ್ಟೇ."

ಕಂಡಕ್ಟರಮ್ಮ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಈ ಪರೀಕ್ಷೆ ಅವಳದೇ ಉಪಾಯ. ಗೆದ್ದರೆ ಅವಳ ಗುರುಗಳು ಉಳಿಯುತ್ತಾರೆ. ಸೋತರೆ ಇವತ್ತು ಸಂಜೆ ಐದು ಗಂಟೆಗೆ ವಿಚಾರಣಾ ಸಮಿತಿ ಕೂತಾಗ ಅವರ ಇಪ್ಪತ್ತಾರು ವರ್ಷದ ಕೆಲಸ ಮಣ್ಣುಪಾಲು.

ಆಗಲೇ ಮೂರೂವರೆ.

ಅವಳೇನು ಈಗ ಕಂಡಕ್ಟರಲ್ಲ ಬಿಡಿ. ಒಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಗಂಟಲು ಹರಿದುಕೊಂಡು, ಒಂದು ದಿನ ಬಸ್ಸಿನಲ್ಲೇ ಒಬ್ಬ ಮುದುಕರು ಸೀಟಿನಿಂದ ಜಾರಿ ಬಿದ್ದಾಗ ಏನು ಮಾಡಬೇಕು ಅಂತ ತೋಚದೆ ಸೀಟಿ ಊದಿದವಳು. ಆ ಸೀಟಿಯ ನಾಚಿಕೆ ತಡೆಯಲಾರದೆ ಐದು ತಿಂಗಳ ಹಿಂದೆ ಆಂಬುಲೆನ್ಸ್ ಕೆಲಸ ಕಲಿಯಲು ಬಂದಿದ್ದಳು. ಚರ್ಮದ ಚೀಲ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಮೊದಲ ದಿನವೇ ಮೇಷ್ಟ್ರು "ಬಾರಮ್ಮ ಕಂಡಕ್ಟರಮ್ಮ, ರೈಟ್ ಹೇಳು, ಹೊರಡೋಣ" ಅಂದದ್ದು ಹಾಗೇ ಅಂಟಿಕೊಂಡಿತು.

ಮೇಷ್ಟ್ರು ಅಂದರೆ ಅವಳ ಗಾಡಿಯ ಹಿರಿಯರು. ಇದೇ ಕೋಣೆಯಲ್ಲಿ ನೂರಾರು ಜನಕ್ಕೆ ಜೀವ ಹಿಡಿದು ನಿಲ್ಲಿಸುವುದನ್ನು ಕಲಿಸಿದವರು. ಈಗ ಸಮವಸ್ತ್ರ ಬಿಚ್ಚಿಸಿಕೊಂಡು, ಮಾಸಿದ ಚೌಕಳಿ ಅಂಗಿಯಲ್ಲಿ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ಅವರ ಮೇಲಿನ ಆರೋಪ ಇಷ್ಟು. ಈ ಅಳಿಯನ ಅತ್ತೆ, ಮರದ ಸಾಮಾನಿನ ಅಂಗಡಿ ಯಜಮಾನಿ, ಮನೆಯಲ್ಲಿ ಕುಸಿದು ಬಿದ್ದರು. ಮೇಷ್ಟ್ರ ಗಾಡಿ ಹೋಗಿ ಉಳಿಸಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಆಕೆಯ ರಕ್ತದಲ್ಲಿ ಫಿಟ್ಸ್ ನಿಲ್ಲಿಸಲು ಕೊಡುವ ನಿದ್ದೆ ಔಷಧಿ ವಿಪರೀತ ಇತ್ತು. ಅದೇ ಔಷಧಿಯ ಎರಡು ಸೀಸೆ ಇರಬೇಕಾದ ಆಂಬುಲೆನ್ಸ್ ಪೆಟ್ಟಿಗೆಯಲ್ಲಿ ಒಂದೇ ಸಿಕ್ಕಿತು. ಅವಸರದಲ್ಲಿ ಒಂದು ಚುಚ್ಚುವ ಬದಲು ಇನ್ನೊಂದು ಚುಚ್ಚಿ, ಬಾಯಿ ಮುಚ್ಚಿಕೊಂಡಿದ್ದಾರೆ ಅಂತ ಸಮಿತಿಯವರ ಲೆಕ್ಕ.

"ಸುಳ್ಳು!" ಅಂತ ಅವತ್ತೇ ಕೂಗಿದ್ದಳು ಕಂಡಕ್ಟರಮ್ಮ. "ಅವರ ಕೈಗೆ ಸೂಜಿ ಕೊಟ್ಟವಳು ನಾನು. ಎರಡು ಸಲ ಹೃದಯದ ಮದ್ದು ಕೊಟ್ಟರು, ಅಷ್ಟೇ. ಮೂರನೆಯದು ಇಲ್ಲವೇ ಇಲ್ಲ."

ಕೇಳುವವರು ಯಾರು? ಶಿಷ್ಯೆ ಗುರುವಿನ ಪರ ಮಾತಾಡದೆ ಇನ್ಯಾರ ಪರ ಮಾತಾಡುತ್ತಾಳೆ ಅಂತ ಸಮಿತಿಯವರು ನಕ್ಕರು. ನಗದೆ ಕೂತು ಕೇಳಿದವರು ಇನ್ಸ್‌ಪೆಕ್ಟರಮ್ಮ ಒಬ್ಬರೇ.

"ಅಳಿಯನ ಮೇಲೆ ಯಾಕೆ ಅನುಮಾನ ನಿಮಗೆ?" ಅಂತ ಕೇಳಿದ್ದರು.

"ಅವನ ಅಂಗಿ ಒಣಗಿತ್ತು ಮೇಡಂ."

ಅದೊಂದು ಮಾತು ಇನ್ಸ್‌ಪೆಕ್ಟರಮ್ಮನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

ಆವತ್ತಿನ ಮಧ್ಯಾಹ್ನ ಕಂಡಕ್ಟರಮ್ಮನ ಕಣ್ಣಿಗೆ ಕಟ್ಟಿದ ಹಾಗಿತ್ತು. ಮಾರುಕಟ್ಟೆ ಬೀದಿಯ ಗಾಡಿಗಳ ಸಂದಿಯಲ್ಲಿ ಡ್ರೈವರು ನುಗ್ಗಿಸಿದ ರೀತಿ, ಸೈರನ್ನಿಗೆ ಕಿವಿ ಮುಚ್ಚಿಕೊಂಡ ಹೂವಿನ ಅಂಗಡಿಯಾಕೆ. ಎರಡನೇ ಮಹಡಿ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸದು. ಬೆನ್ನಿಗೆ ಆಮ್ಲಜನಕದ ಚೀಲ, ಬಲಗೈಯಲ್ಲಿ ಔಷಧಿ ಪೆಟ್ಟಿಗೆ, ಮೂವತ್ತೆಂಟು ಮೆಟ್ಟಿಲು.

ಊಟದ ಮೇಜಿಗೂ ಫ್ರಿಜ್ಜಿಗೂ ನಡುವೆ ಯಜಮಾನಿ ಅಂಗಾತ ಬಿದ್ದಿದ್ದರು. ತುಟಿ ನೀಲಿ. ಪಕ್ಕದಲ್ಲಿ ಅಳಿಯ ಮಂಡಿಯೂರಿ ಎದೆ ಒತ್ತುತ್ತಿದ್ದ. ಆಂಬುಲೆನ್ಸ್ ಸಹಾಯವಾಣಿಗೆ ಮಾಡಿ ಸ್ಪೀಕರ್ ಹಾಕಿದ ಫೋನು ನೆಲದ ಮೇಲೆ.

"ಬನ್ನಿ ಬನ್ನಿ, ನಾಲ್ಕೂ ಹತ್ತಕ್ಕೆ ಬಿದ್ದರು, ಆಗಿನಿಂದ ಒಂದೇ ಸಮ ಒತ್ತುತ್ತಾ ಇದೀನಿ, ಫೋನಿನವರು ಹೇಳಿಕೊಟ್ಟ ಹಾಗೆ, ನನಗೆ ಇದೆಲ್ಲ ಗೊತ್ತಿಲ್ಲ, ನೀವೇ ನೋಡಿ."

ಒಂದೇ ಉಸಿರಿಗೆ ಇಷ್ಟೂ ಹೇಳಿದ. ಏದುಸಿರಿಲ್ಲ. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಅಂಗಿಯ ಬೆನ್ನು ಇಸ್ತ್ರಿ ಮಾಡಿದ ಹಾಗೇ ಒಣಗಿತ್ತು.

ಇದು ಬೇರೆ ಯಾರಿಗೂ ಹೊಳೆಯುವ ವಿಷಯವಲ್ಲ. ಅವಳಿಗೆ ಹೊಳೆಯಿತು, ಯಾಕೆಂದರೆ ಅರ್ಧಣ್ಣನ ಕೈಲಿ ಅವಳು ಅಷ್ಟು ಪಾಡು ಪಟ್ಟಿದ್ದಳು. ಮೊದಲ ವಾರ ಮೇಷ್ಟ್ರು ಎರಡೇ ಎರಡು ನಿಮಿಷ ಒತ್ತಿಸಿ, "ಈಗ ನಿನ್ನ ಮನೆ ವಿಳಾಸ ಹೇಳು" ಅಂದಿದ್ದರು. ಬಾಗಿಲ ನಂಬರು ದಾಟಿ ಮಾತೇ ಹೊರಡಲಿಲ್ಲ. ತೋಳು ನಡುಗಿ, ಬೆವರು ಕಣ್ಣಿಗಿಳಿದು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

"ನೋಡಿದೆಯಾ? ಎರಡು ನಿಮಿಷಕ್ಕೆ ಈ ಅವಸ್ಥೆ. ಅದಕ್ಕೇ ನಾವು ಎರಡು ನಿಮಿಷಕ್ಕೊಂದು ಸಲ ಆಳು ಬದಲಾಯಿಸೋದು," ಅಂದಿದ್ದರು ಮೇಷ್ಟ್ರು.

ಮನೆಯಲ್ಲಿ ದಿಂಬಿನ ಮೇಲೆ ಅಭ್ಯಾಸ ಮಾಡಿ ಮಾಡಿ ಹತ್ತಿಯೆಲ್ಲ ಗಂಟುಗಂಟಾಗಿತ್ತು. "ಆ ದಿಂಬು ಯಾವಾಗ ಎದ್ದು ಕೂತು ಕಾಫಿ ಕೇಳುತ್ತೋ ಹೇಳು, ಒಂದು ಲೋಟ ಜಾಸ್ತಿ ಇಡ್ತೀನಿ," ಅಂತ ಅವಳಮ್ಮ ಗೇಲಿ ಮಾಡುತ್ತಿದ್ದರು.

ಅಂಥದ್ದರಲ್ಲಿ ಹನ್ನೊಂದು ನಿಮಿಷ ಒಬ್ಬನೇ ಒತ್ತಿದವನು ಭಾಷಣ ಮಾಡುತ್ತಾನೆ ಅಂದರೆ? ಯಾರ ಕಿವಿಗೆ ಹೂವಿಡಲು ಬಂದಿದ್ದಾನೆ ಇವನು?

ಆದರೆ ಆ ಹೊತ್ತಿನಲ್ಲಿ ಅದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿತ್ತು? "ಪಕ್ಕಕ್ಕೆ ಬನ್ನಿ," ಅಂತ ಅಳಿಯನನ್ನು ಸರಿಸಿ ಮೇಷ್ಟ್ರು ಕೂತಾಗಿತ್ತು. ಎಣಿಕೆ ಶುರುವಾಗಿತ್ತು.

"ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು..."

ಮೂವತ್ತು ಸಲ ಒತ್ತು, ಎರಡು ಸಲ ಉಸಿರು. ಲೋಕದಲ್ಲೆಲ್ಲ ಒಂದರಿಂದ ಮೂವತ್ತಕ್ಕೆ ಎಣಿಸುತ್ತಾರೆ. ಮೇಷ್ಟ್ರದು ಮಾತ್ರ ಇಳಿಯುವ ಲೆಕ್ಕ. "ಏರುವ ಲೆಕ್ಕದಲ್ಲಿ ಗಾಬರಿಯಾದವನು ಮೂವತ್ತು ದಾಟಿ ನಲವತ್ತಕ್ಕೆ ಹೋಗಿಬಿಡ್ತಾನೆ. ಇಳಿಯುವ ಲೆಕ್ಕ ಒಂದಕ್ಕೆ ಬಂದು ತಾನಾಗೇ ನಿಲ್ಲುತ್ತೆ," ಅನ್ನುತ್ತಿದ್ದರು. ಬೇರೆ ಕೇಂದ್ರದವರು ಆಡಿಕೊಂಡು ನಗುತ್ತಿದ್ದರು. ನಕ್ಕೊಳ್ಳಲಿ ಅಂತ ಮೇಷ್ಟ್ರು ಬದಲಾಯಿಸಲೇ ಇಲ್ಲ.

ಆಮೇಲಿನ ನಾಲ್ಕು ನಿಮಿಷವನ್ನು ಕಂಡಕ್ಟರಮ್ಮ ಸಾಯುವವರೆಗೂ ಮರೆಯುವವಳಲ್ಲ. ಮೇಷ್ಟ್ರ ಕೈಗಳಿಗೆ ಅವಸರವೇ ಇರಲಿಲ್ಲ. ಬಾಯಿಗೆ ಕೊಳವೆ ಇಳಿಸಿದ್ದು, ನರ ಹುಡುಕಿದ್ದು, ಮದ್ದು ಕೊಟ್ಟದ್ದು, ಮತ್ತೆ ಎದೆಗೆ ಬಂದದ್ದು, ಎಲ್ಲ ಮನೆಯೊಳಗೆ ದಿನಾ ಓಡಾಡುವವರ ಹಾಗೆ. ಅವಳು ಕೊರಳಿನ ಮೇಲೆ ಎರಡು ಬೆರಳಿಟ್ಟು ಕೂತಿದ್ದಳು. ಏನೂ ಇರಲಿಲ್ಲ. ತಣ್ಣಗಿನ ಚರ್ಮ, ಅಷ್ಟೇ.

ಆಮೇಲೆ ಬೆರಳ ಕೆಳಗೆ ಒಂದು ಸಲ ಏನೋ ತಟ್ಟಿತು. ಇನ್ನೊಂದು ಸಲ. ಮತ್ತೊಂದು.

"ಮೇಷ್ಟ್ರೇ!" ಅಂದಳು.

"ಬಂತಾ? ಬರಲಿ ಬರಲಿ. ಬಂದವರನ್ನ ಗದ್ದಲ ಮಾಡಿ ಹೆದರಿಸಬೇಡ," ಅಂದರು ಅವರು, ಬಾಗಿಲಿಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ.

ಅವಳಿಗೆ ಅಳು ಉಕ್ಕಿ ಬಂತು. ಇಲ್ಲದೇ ಹೋಗಿದ್ದ ಮನುಷ್ಯರೊಬ್ಬರು ತನ್ನ ಎರಡು ಬೆರಳ ಕೆಳಗೆ ವಾಪಸ್ಸು ಬಂದಿದ್ದರು. ಅಬ್ಬಾ, ಇಂಥ ಕೆಲಸವೂ ಲೋಕದಲ್ಲಿದೆಯಲ್ಲ, ಇದನ್ನು ಮಾಡುವ ಕೈಗಳೂ ಇವೆಯಲ್ಲ ಅಂತ ಆ ರಾತ್ರಿ ಊಟಕ್ಕೆ ಕೂತಾಗಲೂ ತನ್ನ ಬೆರಳನ್ನೇ ನೋಡಿಕೊಂಡಿದ್ದಳು.

ಅಂಥ ಕೈಗಳಿಗೆ ಈಗ ತಪ್ಪು ಮದ್ದು ಚುಚ್ಚಿದ ಪಟ್ಟ. ಸುಮ್ಮನಿರುವುದು ಹೇಗೆ?

ಇಷ್ಟಾದರೂ ಮೇಷ್ಟ್ರು ಈ ಪರೀಕ್ಷೆ ಬೇಡ ಅಂದಿದ್ದರು. ಬೆಳಿಗ್ಗೆ ಫೋನು ಮಾಡಿದಾಗ, "ಬಿಟ್ಟುಬಿಡು ಕಣಮ್ಮ. ನನಗೆ ವಯಸ್ಸಾಯಿತು. ಹೋದರೆ ಹೋಗಲಿ," ಅಂದರು. ದೊಡ್ಡವರ ದೊಡ್ಡತನ ಅಂದುಕೊಂಡು ಅವಳು ಇನ್ನಷ್ಟು ಹಟ ಹಿಡಿದಳು.

"ಒಂದು ತೊಡಕಿದೆ," ಅಂತ ಇನ್ಸ್‌ಪೆಕ್ಟರಮ್ಮನೂ ಹೇಳಿದ್ದರು. "ಹನ್ನೊಂದು ನಿಮಿಷ ಯಾರೂ ಒತ್ತದೇ ಇದ್ದಿದ್ದರೆ ಆಕೆಯ ಹೃದಯ ಅಷ್ಟು ಬೇಗ ವಾಪಸ್ಸು ಬರ್ತಿರಲಿಲ್ಲ ಅಂತಾರೆ ಡಾಕ್ಟರು. ನೀವು ನೋಡಿದರೆ ಇವನು ಒತ್ತಲೇ ಇಲ್ಲ ಅಂತೀರಿ. ಎರಡೂ ನಿಜ ಆಗೋದು ಹೇಗಮ್ಮ?"

"ಅದಕ್ಕೇ ಒತ್ತಿಸಿ ನೋಡೋಣ ಅಂದಿದ್ದು ಮೇಡಂ. ಎರಡು ನಿಮಿಷಕ್ಕೆ ಅವನ ಬಣ್ಣ ಬಯಲಾಗುತ್ತೆ."

ಈಗ ಆ ಬಣ್ಣ ಬಯಲಾಗುವ ಹೊತ್ತು.

ಅಳಿಯ ಕೊನೆಗೂ ಮಂಡಿಯೂರಿದ. ಇನ್ಸ್‌ಪೆಕ್ಟರಮ್ಮ ಕೈಗಡಿಯಾರ ನೋಡಿ "ಶುರು" ಅಂದರು.

ಅರ್ಧಣ್ಣನ ಭುಜದಲ್ಲಿ ಪುಟ್ಟ ದೀಪವಿದೆ. ಸರಿಯಾದ ಆಳಕ್ಕೆ ಒತ್ತಿದರೆ ಹಸಿರು. ಬೆನ್ನು ಸವರಿದ ಹಾಗೆ ಒತ್ತಿದರೆ ಕೆಂಪು. ಅಳಿಯ ಮೊಣಕೈ ಮಡಚಿಕೊಂಡು, ಅಂಗೈ ಎಲ್ಲೋ ಹೊಟ್ಟೆಯ ಹತ್ತಿರ ಇಟ್ಟುಕೊಂಡು ಒತ್ತಿದ. ಕೆಂಪು. ಮತ್ತೆ ಕೆಂಪು.

ಕಂಡಕ್ಟರಮ್ಮನಿಗೆ ಒಳಗೊಳಗೇ ಹಿಗ್ಗು. ಸಿಕ್ಕಿಬಿದ್ದ! ಮೇಷ್ಟ್ರ ಕಡೆ ನೋಡಿದಳು. ಅವರು ಕಿಟಕಿಯ ಆಚೆ ನಿಂತಿದ್ದ ಗಾಡಿಯನ್ನು ನೋಡುತ್ತಿದ್ದರು.

ಅರ್ಧ ನಿಮಿಷ ಕಳೆಯಿತು.

"ಆವತ್ತೂ ಹೀಗೇ ಒತ್ತಿದ್ರಾ?" ಇನ್ಸ್‌ಪೆಕ್ಟರಮ್ಮನ ದನಿ ತಣ್ಣಗಿತ್ತು. "ಹೀಗೆ ಒತ್ತಿದರೆ ಸೊಳ್ಳೆಯೂ ಸಾಯಲ್ಲ, ಮನುಷ್ಯರು ಹೇಗೆ ಬದುಕಿದ್ರು? ನೀವು ಕೈಯೇ ಇಟ್ಟಿರಲಿಲ್ಲ ಅಂತ ಬರ್ಕೊಳ್ಳಲಾ?"

ಅಳಿಯನ ಕೈ ನಿಂತಿತು. ಅವನು ಬೊಂಬೆಯ ಮುಖವನ್ನೇ ನೋಡುತ್ತಾ ಒಂದು ಗಳಿಗೆ ಕೂತ.

ಆಮೇಲೆ ಅಂಗೈಯನ್ನು ಜರುಗಿಸಿದ. ಎದೆಯ ನಟ್ಟನಡುವೆ. ಅದರ ಮೇಲೆ ಇನ್ನೊಂದು ಅಂಗೈ. ಬೆರಳುಗಳು ಬೆರಳುಗಳೊಳಗೆ ಸೇರಿದವು. ಮೊಣಕೈ ನೆಟ್ಟಗಾಯಿತು. ಸೊಂಟದಿಂದ ಬಾಗಿದ.

ಹಸಿರು.

ಹಸಿರು, ಹಸಿರು, ಹಸಿರು.

ಎರಡು ನಿಮಿಷ ಆಯಿತು. ಅವನು ನಿಲ್ಲಲಿಲ್ಲ. ಮೂರಾಯಿತು. ಕಂಡಕ್ಟರಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ನಾಲ್ಕು, ಐದು. ಇನ್ಸ್‌ಪೆಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

ಅವನ ತೋಳು ಕೆಲಸ ಮಾಡುತ್ತಲೇ ಇರಲಿಲ್ಲ. ಮೈಯ ಭಾರವೇ ಇಳಿಯುತ್ತಿತ್ತು, ಏರುತ್ತಿತ್ತು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರುವವರೆಗೆ ಕಾದು ಮತ್ತೆ ಇಳಿಯುತ್ತಿತ್ತು. ಒಂದು ಒತ್ತಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಕೋಣೆಯಲ್ಲಿ ಅರ್ಧಣ್ಣನ ಸ್ಪ್ರಿಂಗಿನ ಟಕ್ ಟಕ್ ಬಿಟ್ಟರೆ ಬೇರೆ ಸದ್ದೇ ಇಲ್ಲ.

ಅಯ್ಯೋ, ಎಷ್ಟು ಚೆನ್ನಾಗಿ ಒತ್ತುತ್ತಾನೆ!

ಕಂಡಕ್ಟರಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು, ಆದರೂ ಕಣ್ಣು ಕೀಳಲಾಗಲಿಲ್ಲ. ಕಲಿಯುತ್ತಿರುವವರಿಗಷ್ಟೇ ಗೊತ್ತಾಗುವ ಚೆಲುವು ಅದು. ಐದು ತಿಂಗಳು ದಿಂಬು ಹಾಳು ಮಾಡಿದರೂ ಅವಳಿಗೆ ಒಲಿಯದ ವಿದ್ಯೆ ಅವನ ಬೆನ್ನಿನಲ್ಲಿ ಆರಾಮಾಗಿ ಕೂತಿತ್ತು. ಅವನ ಅಂಗಿಯ ಬೆನ್ನು ಆವತ್ತಿನ ಹಾಗೆಯೇ ಒಣಗಿತ್ತು.

ಆಗ ಹೊಳೆಯಿತು, ತಾನು ಎಲ್ಲಿ ಎಡವಿದೆ ಅಂತ. ಬೆವರಿಲ್ಲ ಅಂದರೆ ಒತ್ತಿಲ್ಲ ಅಂತ ಅವಳು ಲೆಕ್ಕ ಹಾಕಿದ್ದು ತನ್ನ ಮೈಯನ್ನು ಅಳತೆಗೋಲು ಮಾಡಿಕೊಂಡು. ತೋಳಿನಿಂದ ಒತ್ತುವ ಹೊಸಬರು ಬೆವರುತ್ತಾರೆ, ಏದುತ್ತಾರೆ. ಮೈಭಾರದಿಂದ ಒತ್ತಲು ಬಂದವರು ಅಷ್ಟು ಬೇಗ ದಣಿಯುವುದಿಲ್ಲ. ಒಣಗಿದ ಅಂಗಿಯ ಅರ್ಥ ಒತ್ತಲಿಲ್ಲ ಅಂತಲ್ಲ. ಒತ್ತುವುದು ಚೆನ್ನಾಗಿ ಬರುತ್ತೆ ಅಂತ.

"ನನಗೆ ಇದೆಲ್ಲ ಗೊತ್ತಿಲ್ಲ" ಅಂದಿದ್ದನಲ್ಲ?

ಎಂಟನೇ ನಿಮಿಷದ ಹೊತ್ತಿಗೆ ಅಳಿಯನ ಕಣ್ಣು ಎಲ್ಲೋ ದೂರ ಹೋಗಿತ್ತು. ತುಟಿ ಅಲ್ಲಾಡುತ್ತಿತ್ತು. ಅವನಿಗೇ ಗೊತ್ತಿಲ್ಲದೆ ತುಟಿಗೆ ದನಿ ಬಂತು.

"...ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತು..."

ಕಂಡಕ್ಟರಮ್ಮ ಬೆಚ್ಚಿದಳು. ಇದು ಇಳಿಯುವ ಲೆಕ್ಕ.

"...ಮೂರು, ಎರಡು, ಒಂದು." ಅವನ ಗದ್ದ ಉಸಿರು ಕೊಡಲೆಂದು ಬೊಂಬೆಯ ಬಾಯಿಯ ಕಡೆಗೆ ತಾನಾಗೇ ಬಾಗಿತು. ತಟ್ಟನೆ ತಡೆದುಕೊಂಡ. ಮತ್ತೆ ಒತ್ತಿದ. "ಮೂವತ್ತು, ಇಪ್ಪತ್ತೊಂಬತ್ತು..."

ಅವಳು ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಈಗ ಕಿಟಕಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ತುಂಬ ಸುಸ್ತಾದವರ ಮುಖ.

"ಹನ್ನೊಂದು ನಿಮಿಷ. ಸಾಕು, ಏಳಿ," ಅಂದರು ಇನ್ಸ್‌ಪೆಕ್ಟರಮ್ಮ.

ಅಳಿಯ ಎದ್ದ. ಉಸಿರು ಸ್ವಲ್ಪ ಜೋರಾಗಿತ್ತು, ಅಷ್ಟೇ. "ನೋಡಿದ್ರಲ್ಲ ಮೇಡಂ? ಒತ್ತಿದ್ದೀನಿ. ಇನ್ನಾದರೂ ನಂಬಿ."

"ನಂಬಿದೆ. ಉಲ್ಟಾ ಎಣಿಸಿದ್ರಲ್ಲ, ಅದೇನು?"

"ಅದಾ? ಫೋನಿನವರು ಹಾಗೆ ಎಣಿಸಿದ್ರು."

"ಸರಿ." ಇನ್ಸ್‌ಪೆಕ್ಟರಮ್ಮ ಒಂದು ಸಾಲು ಬರೆದುಕೊಂಡರು. ಆಮೇಲೆ ಕಂಡಕ್ಟರಮ್ಮನ ಕಡೆ ತಿರುಗಿ, "ನಿಮ್ಮ ಲೆಕ್ಕ ತಪ್ಪಾಯಿತಲ್ಲಮ್ಮ. ಇವರು ಒತ್ತಿರೋದು ನಿಜ. ಇದರಿಂದ ನಿಮ್ಮ ಮೇಷ್ಟ್ರಿಗೆ ಏನೂ ಉಪಯೋಗ ಆಗಲಿಲ್ಲ. ಕಡಿಮೆ ಬಿದ್ದ ಸೀಸೆ ಅವರ ತಲೆ ಮೇಲೇ ಇದೆ," ಅಂದರು.

"ಹಾಗಾದ್ರೆ ನಾನು ಹೊರಡಲಾ? ಸಂಜೆ ಅತ್ತೆನ ವಾರ್ಡಿಗೆ ಹಾಕ್ತಾರಂತೆ. ಪಕ್ಕದಲ್ಲಿ ಇರೋಕೆ ನಾನೊಬ್ಬನೇ," ಅಂತ ಅಳಿಯ ಚಪ್ಪಲಿ ಮೆಟ್ಟಿಕೊಂಡ.

ಕಂಡಕ್ಟರಮ್ಮನ ಗಂಟಲಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಈ ಕೋಣೆಯಲ್ಲಿ ಆ ಎಣಿಕೆಯ ಗುಟ್ಟು ಗೊತ್ತಿರುವವರು ಮೂರೇ ಜನ. ಕಲಿಸಿದವರು ಬಾಯಿ ಬಿಡುವುದಿಲ್ಲ. ಕಲಿತವನು ಸುಳ್ಳು ಹೇಳಿ ಆಯಿತು. ಉಳಿದವಳು ತಾನು. ಬಾಯಿ ಬಿಟ್ಟರೆ ಮೇಷ್ಟ್ರು ಮುಳುಗಿದ ಹಾಗೆ. ಗುರುತಿದ್ದವನನ್ನು ಗುರುತಿಲ್ಲದವನ ಹಾಗೆ "ಪಕ್ಕಕ್ಕೆ ಬನ್ನಿ" ಅಂದು ನಾಲ್ಕು ದಿನ ಮುಚ್ಚಿಟ್ಟವರನ್ನು ಯಾವ ಸಮಿತಿ ಬಿಡುತ್ತೆ? ಬಾಯಿ ಮುಚ್ಚಿದರೆ ಇವನು ಹೋಗಿ ಆಕೆಯ ಹಾಸಿಗೆಯ ಪಕ್ಕ ಕೂರುತ್ತಾನೆ. ಸೂಜಿ ಹಿಡಿಯುವುದನ್ನೂ ಇಲ್ಲೇ ಕಲಿತವನು.

ಇನ್ನೊಂದು ಮುಳ್ಳೂ ಇತ್ತು. ಅದು ಅವಳದೇ.

ದಿನಾ ಬೆಳಿಗ್ಗೆ ಔಷಧಿ ಪೆಟ್ಟಿಗೆಯನ್ನು ಇಬ್ಬರು ಸೇರಿ ನೋಡಬೇಕು ಅಂತ ನಿಯಮ. ಒಬ್ಬರು ಎಣಿಸಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಗುರುತು ಹಾಕಬೇಕು. ಮೇಷ್ಟ್ರು ಪೆಟ್ಟಿಗೆ ತೆರೆದು "ನಿದ್ದೆ ಮದ್ದು, ಎರಡು" ಅನ್ನುತ್ತಿದ್ದರು. ಅವಳು ಗಾಡಿಯ ಇನ್ನೊಂದು ಮೂಲೆಯಲ್ಲಿ ಆಮ್ಲಜನಕದ ಮೀಟರಿನ ಮುಳ್ಳು ನೋಡುತ್ತಾ, "ಎರಡು" ಅಂತ ಗೀಟು ಹಾಕುತ್ತಿದ್ದಳು. ಬಸ್ಸಿನಲ್ಲಿ ಒಬ್ಬೊಬ್ಬರ ಕೈಯಲ್ಲೂ ಟಿಕೆಟ್ ಇಸಿದುಕೊಂಡು ನೋಡುತ್ತಿದ್ದವಳು ಇಲ್ಲಿ ನೋಡಲಿಲ್ಲ. ಮೇಷ್ಟ್ರ ಬಾಯಲ್ಲಿ ಬಂದ ಮೇಲೆ ಮುಗಿಯಿತಲ್ಲ! ಪೊಲೀಸರಿಗೆ ಮಾತ್ರ "ಕಣ್ಣಾರೆ ಕಂಡೆ" ಅಂತ ಹೇಳಿಕೆ ಕೊಟ್ಟಿದ್ದಳು.

ಆ ಎರಡನೇ ಸೀಸೆ ಎಂದಿನಿಂದ ಪೆಟ್ಟಿಗೆಯಲ್ಲಿ ಇರಲಿಲ್ಲವೋ ಯಾರಿಗೆ ಗೊತ್ತು?

ಅಳಿಯ ಬಾಗಿಲ ಹಿಡಿಗೆ ಕೈ ಹಾಕಿದ.

"ಮೇಡಂ, ಅವರನ್ನ ಬಿಡಬೇಡಿ."

ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಇನ್ಸ್‌ಪೆಕ್ಟರಮ್ಮ ತಲೆಯೆತ್ತಿದರು.

"ಫೋನಿನವರು ಒಂದರಿಂದ ಮೇಲಕ್ಕೆ ಎಣಿಸ್ತಾರೆ. ಇಳಿಸಿ ಎಣಿಸೋದನ್ನ ಕಲಿಸೋದು ಒಬ್ಬರೇ." ಅವಳ ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳಲಿಲ್ಲ. "ಇವರು ಇಲ್ಲಿ ಕಲಿತವರು ಮೇಡಂ. ನಮ್ಮ ಮೇಷ್ಟ್ರ ಹತ್ತಿರ. ಮತ್ತೆ... ಪೆಟ್ಟಿಗೆಯ ಸೀಸೆ ನಾನು ಕಣ್ಣಾರೆ ನೋಡಿರಲಿಲ್ಲ. ಅವರು ಹೇಳಿದ್ದಕ್ಕೆ ಗೀಟು ಹಾಕಿದೆ. ಒಂದು ದಿನ ಅಲ್ಲ, ದಿನಾ."

ಕಂಡಕ್ಟರಮ್ಮ ನೆಲ ನೋಡುತ್ತಾ ನಿಂತಳು. ಉಳಿಸಲು ಬಂದವಳು ಕೈಯಾರೆ ಮುಳುಗಿಸಿದ್ದಳು.

ಸ್ಟೂಲು ಕಿರುಗುಟ್ಟಿತು. ಮೇಷ್ಟ್ರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಸರಿಯಾಗೇ ಹೇಳಿದೆ ಕಣಮ್ಮ. ನಾನು ಹೇಳಬೇಕಾಗಿದ್ದನ್ನ ನಿನ್ನ ಕೈಲಿ ಹೇಳಿಸಿಬಿಟ್ಟೆ." ಆಮೇಲೆ ಇನ್ಸ್‌ಪೆಕ್ಟರಮ್ಮನಿಗೆ, "ಹತ್ತು ವರ್ಷದ ಹಿಂದೆ ಇದೇ ಬೊಂಬೆ ಮೇಲೆ ಇವನಿಗೆ ಕಲಿಸಿದೆ. ನಾನು ಕಂಡವರಲ್ಲೇ ಇವನಂಥ ಕೈ ಇನ್ನೊಂದಿಲ್ಲ. ಎರಡು ವರ್ಷ ಗಾಡಿಯಲ್ಲಿದ್ದ, ಆಮೇಲೆ ಬಿಟ್ಟು ಹೆಂಡತಿ ಮನೆಯವರ ಅಂಗಡಿ ಸೇರಿದ. ಸೀಸೆ ಇವನು ಕದ್ದಿದ್ದಲ್ಲ ಮೇಡಂ. ನಾನೇ ಕೊಟ್ಟೆ."

"ಯಾವಾಗ?"

"ಮೂರು ವಾರ ಆಯಿತು. ಆಸ್ಪತ್ರೆ ದೂರ, ಮಗುಗೆ ಪದೇ ಪದೇ ಫಿಟ್ಸ್ ಬರುತ್ತೆ, ಗಾಡಿ ಬರೋ ಹೊತ್ತಿಗೆ ಏನಾದರೂ ಆಗಿಬಿಟ್ಟರೆ ಅಂತ ಕಾಲಿಗೆ ಬಿದ್ದ. ಬೇರೆಯವರಾಗಿದ್ರೆ ಕೊಡ್ತಿರಲಿಲ್ಲ. ಇವನಿಗೆ ಚುಚ್ಚೋಕೆ ಬರುತ್ತೆ, ಅಳತೆ ಗೊತ್ತು. ಮಗು ಮುಖ ನೋಡಿ ಮನಸ್ಸು ತಡೀಲಿಲ್ಲ. ಆರು ವರ್ಷದ ಹೆಣ್ಣುಮಗು, ಫೋಟೋ ತೋರಿಸಿದ. ದಿನಾ ಬೆಳಿಗ್ಗೆ ಈಕೆಗೆ ಸುಳ್ಳು ಲೆಕ್ಕ ಹೇಳಿದೆ. ಆವತ್ತು ಆ ಮನೆಗೆ ಹೋಗಿ ಇವನ ಮುಖ ನೋಡಿದ ಮೇಲೆ ನನಗೆ ಬಾಯೇ ಬರಲಿಲ್ಲ."

ಇನ್ಸ್‌ಪೆಕ್ಟರಮ್ಮ ಪುಸ್ತಕ ಮುಚ್ಚಿದರು. ಅವರ ಹುಬ್ಬು ಗಂಟಿಕ್ಕಿತ್ತು.

"ಯಾವ ಮಗು?"

"ಇವನ ಮಗಳು."

"ನಿಮಗೆ ಟೋಪಿ ಹಾಕಿದ್ದಾನೆ ಮೇಷ್ಟ್ರೇ. ಇವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಆರು ವರ್ಷ ಆಯಿತು. ಮಗುವೂ ಉಳಿಯಲಿಲ್ಲ. ಆಸ್ಪತ್ರೆಯ ದಾಖಲೆ ನಾನೇ ನೋಡಿದ್ದೀನಿ, ಅತ್ತೆಯೇ ಸಹಿ ಹಾಕಿ ದೇಹಗಳನ್ನ ತಗೊಂಡು ಹೋಗಿದ್ದಾರೆ ಅಂತಿದೆ. ಆ ಮನೆಯಲ್ಲಿ ಮಗುವೇ ಇಲ್ಲ."

ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಅಳಿಯನ ಕಡೆ ಒಂದು ಹೆಜ್ಜೆ ಇಟ್ಟರು. "ಏನೋ ಇದು? ನನ್ನ ಹತ್ತಿರವೇ? ಯಾರದೋ ಮಗು ಫೋಟೋ ತೋರಿಸಿ..."

ಅಳಿಯ ಬಾಗಿಲ ಹಿಡಿಯಿಂದ ಕೈ ತೆಗೆದ. ಹನ್ನೊಂದು ನಿಮಿಷ ಒತ್ತಿದರೂ ಬೆವರದ ಮುಖ ಈಗ ತೊಯ್ದುಹೋಗಿತ್ತು. ಅಂಗಿಯ ಒಳಜೇಬಿನಿಂದ ಮಡಚಿ ಮಡಚಿ ಸವೆದ ಫೋಟೋ ತೆಗೆದು ಮೇಷ್ಟ್ರ ಕೈಗೆ ಕೊಟ್ಟ. ಎರಡು ಜಡೆ ಹಾಕಿದ, ಮುಂದಿನ ಹಲ್ಲು ಬಿದ್ದ ಹುಡುಗಿ ನಗುತ್ತಿದ್ದಳು.

"ಫಿಟ್ಸ್ ಸುಳ್ಳು. ಫೋಟೋ ಸುಳ್ಳಲ್ಲ ಮೇಷ್ಟ್ರೇ. ಹೋದ ತಿಂಗಳು ಅತ್ತೆಯ ಬೀರುವಿನಲ್ಲಿ ಸಿಕ್ಕಿತು. ಹಿಂದೆ ತಿರುಗಿಸಿ, ಈ ವರ್ಷದ ತಾರೀಖಿದೆ, ಅತ್ತೆಯದೇ ಕೈಬರಹ. ಮುಖ ನೋಡಿ ಹೇಳಿ, ನನ್ನ ಹೆಂಡತಿಯದೇ ಅಚ್ಚು ಅಲ್ಲವಾ ಅದು? ನೀವೇ ಮದುವೆಗೆ ಬಂದು ಹರಸಿದ್ರಲ್ಲ?"

ಮೇಷ್ಟ್ರು ಫೋಟೋ ತಿರುಗಿಸಿದರು. ಕಂಡಕ್ಟರಮ್ಮ ಅವರ ಭುಜದ ಹಿಂದಿನಿಂದ ಬಗ್ಗಿ ನೋಡಿದಳು. ತಾರೀಖು ಇತ್ತು. ಎರಡು ತಿಂಗಳ ಹಿಂದಿನದು.

"ಮಗು ಹೋಯಿತು ಅಂತ ಅತ್ತೆ ಹೇಳಿದ್ದನ್ನೇ ಆರು ವರ್ಷ ನಂಬಿದ್ದೆ. ನಿದ್ದೆಮಂಪರಿನಲ್ಲಾದರೂ ನಿಜ ಬಾಯಿ ಬಿಡ್ತಾರೇನೋ ಅಂತ ಚುಚ್ಚಿದೆ. ಅಳತೆ ಗೊತ್ತಿದ್ದವನು ನಾನು, ಕೈ ಯಾಕೆ ತಪ್ಪಿತೋ ನ‌ನಗೇ ಗೊತ್ತಿಲ್ಲ. ಹೆಸರು ಕೇಳಿದೆ, ಊರು ಕೇಳಿದೆ, ಉಸಿರೇ ನಿಂತುಹೋಯಿತು." ಅವನು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿ ಎರಡೂ ಕೈ ಮುಂದೆ ಚಾಚಿದ. "ಬೇಡಿ ಹಾಕಿ, ಬೇಡ ಅನ್ನಲ್ಲ. ಆದರೆ ಆಕೆಯನ್ನ ಮಾತ್ರ ಉಳಿಸಿಕೊಳ್ಳಿ. ನನ್ನ ಮಗಳು ಬದುಕಿದ್ದಾಳೆ. ಎಲ್ಲಿದ್ದಾಳೆ ಅಂತ ಗೊತ್ತಿರೋದು ಈ ಲೋಕದಲ್ಲಿ ಆಕೆ ಒಬ್ಬರಿಗೇ. ಇಲ್ಲದೇ ಹೋಗಿದ್ರೆ ಹನ್ನೊಂದು ನಿಮಿಷ ಯಾಕೆ ಒತ್ತುತ್ತಿದ್ದೆ ಮೇಡಂ?"